ಗೈಡ್ ಇದ್ದಾರೆ ಸರಿ, ಕಾಲು ಯಾರದು?

ಕುದುರೆಮುಖ ಹತ್ತಲು ಹೊರಟವರನ್ನು ‘ತಯಾರಿ ಆಯ್ತಾ?’ ಎಂದು ಕೇಳಿ ನೋಡಿ. ಶೂ ತೊಗೊಂಡೆ, ರೈನ್‌ಕೋಟ್ ತೊಗೊಂಡೆ, ಪವರ್ ಬ್ಯಾಂಕ್ ಚಾರ್ಜ್ ಆಗಿದೆ ಎನ್ನುತ್ತಾರೆ. ಅದಲ್ಲ, ನಡೆಯುವುದಕ್ಕೆ ಏನು ತಯಾರಿ ಎಂದು ಕೆದಕಿದರೆ ಬರುವ ಉತ್ತರ: ‘ಅಯ್ಯೋ, ಗೈಡ್ ಇರ್ತಾರಲ್ಲ!’

ಇರುತ್ತಾರೆ, ನಿಜ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಗೈಡ್ ಇಲ್ಲದೆ ಚಾರಣಕ್ಕೆ ಬಿಡುವುದೂ ಇಲ್ಲ. ಅವರು ದಾರಿ ತಪ್ಪದಂತೆ ನೋಡಿಕೊಳ್ಳುತ್ತಾರೆ. ಕಾಟಿ ಎದುರಾದರೆ ಯಾವ ಕಡೆ ಸರಿದು ನಿಲ್ಲಬೇಕೆಂದು ಹೇಳುತ್ತಾರೆ. ಮೋಡ ಕವಿದ ರೀತಿ ನೋಡಿ ಮಳೆ ಹತ್ತು ನಿಮಿಷಕ್ಕೋ ಒಂದು ಗಂಟೆಗೋ ಎಂದು ಅಂದಾಜು ಮಾಡುತ್ತಾರೆ. ಆದರೆ ಇಳಿಜಾರಿನಲ್ಲಿ ನಡುಗುವ ನಿಮ್ಮ ಮಂಡಿಗೆ ಅವರು ಏನೂ ಮಾಡಲಾರರು. ವಾರಾಂತ್ಯದ ಚಾರಣಗಳಲ್ಲಿ ನಾನು ಕಂಡ ತಾಪತ್ರಯಗಳಲ್ಲಿ ಬಹುಪಾಲು ಬೆಟ್ಟದ ಮೇಲೆ ಹುಟ್ಟಿದವಲ್ಲ, ಊರಿನಲ್ಲೇ ಹುಟ್ಟಿ ಬಸ್ಸು ಹತ್ತಿ ಬಂದವು.

ಮೊದಲು ಲೆಕ್ಕ. ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಕಳಸದಿಂದ ಸಂಸೆ, ಬಾಳೆಗಲ್ ದಾಟಿ ಜೀಪಿನಲ್ಲಿ ಕಂಬಿ ಹಿಡಿದು ಕುಲುಕಾಡುತ್ತ ಮುಳ್ಳೋಡಿ ತಲುಪಿದರೆ ಅಲ್ಲಿಂದ ಕಾಲ್ನಡಿಗೆ. ಹೋಗುವುದಕ್ಕೆ ಒಂಬತ್ತು–ಹತ್ತು ಕಿಲೋಮೀಟರ್, ಬರುವುದಕ್ಕೆ ಅಷ್ಟೇ. ಏರಬೇಕಾದ ಎತ್ತರ ಸುಮಾರು 900 ಮೀಟರ್. ಸಂಖ್ಯೆಯಲ್ಲಿ ಹೇಳಿದರೆ ಯಾರೂ ಹೆದರುವುದಿಲ್ಲ. ಪಾದದಿಂದ ಸಾವಿರ ಮೆಟ್ಟಿಲಿರುವ ಮೈಸೂರಿನ ಚಾಮುಂಡಿ ಬೆಟ್ಟದಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟಂತೆ ಎಂದರೆ ಆಗ ‘ಹೌದಾ?’ ಎನ್ನುತ್ತಾರೆ. ಮಹಡಿಯ ಲೆಕ್ಕದಲ್ಲಾದರೆ ಒಂದು ಅಂತಸ್ತಿಗೆ ಮೂರು ಮೀಟರ್ ಹಿಡಿದು ಮುನ್ನೂರು ಅಂತಸ್ತು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ನಡೆಯುವ ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಇದರ ಪ್ರಕಾರ ಕುದುರೆಮುಖದ ತುದಿಗೆ ಮೂರೂವರೆ ಗಂಟೆ ಸಾಕು. ಆದರೆ ನೇಸ್ಮಿತ್ ಲೆಕ್ಕ ಹಾಕಿದ್ದು ಗಟ್ಟಿಮುಟ್ಟಾದ, ಎಲ್ಲೂ ಕೂರದ, ಫೋಟೊ ತೆಗೆಯದ ಮನುಷ್ಯನಿಗೆ. ನಮ್ಮ ಗುಂಪಿನಲ್ಲಿ ಹದಿನೈದು ಜನ ಇರುತ್ತಾರೆ, ಹಳ್ಳ ದಾಟುವಾಗ ಒಬ್ಬೊಬ್ಬರಾಗಿ ಶೂ ಬಿಚ್ಚುತ್ತಾರೆ, ದಾರಿಯಲ್ಲಿ ಸಿಗುವ ಒಂಟಿಮರದ ಹತ್ತಿರ ಅರ್ಧ ಗಂಟೆ ರೀಲ್ಸ್ ನಡೆಯುತ್ತದೆ. ಹತ್ತುವುದಕ್ಕೆ ನಾಲ್ಕೂವರೆಯಿಂದ ಐದು ಗಂಟೆ, ಮೇಲೆ ಅರ್ಧ ಗಂಟೆ, ಇಳಿಯುವುದಕ್ಕೆ ಮೂರೂವರೆ–ನಾಲ್ಕು ಗಂಟೆ ಎಂದು ಹಿಡಿಯಿರಿ. ಬೆಳಿಗ್ಗೆ ಏಳಕ್ಕೆ ಹೊರಟರೂ ಸಂಜೆ ನಾಲ್ಕೂವರೆ ಆಗುತ್ತದೆ. ಡಿಸೆಂಬರಿನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಣಿವೆಯ ಕಾಡಿನೊಳಗೆ ಕತ್ತಲು ಅದಕ್ಕಿಂತ ಮೊದಲೇ ಬಂದಿರುತ್ತದೆ. ಕೈಯಲ್ಲಿ ಉಳಿದ ಆ ಒಂದೂವರೆ ಗಂಟೆಯೇ ಇಡೀ ದಿನದ ಉಳಿತಾಯ. ಹೊರಡುವಾಗ ಒಂದು ಗಂಟೆ ತಡ, ದಾರಿಯಲ್ಲಿ ಒಬ್ಬರ ಕಾಲು ಉಳುಕಿತು ಎಂದರೆ ಅದು ಖರ್ಚಾಗಿ ಹೋಯಿತು.

ಆದ್ದರಿಂದ ಎಷ್ಟು ಹೊತ್ತಿಗೆ ಎಲ್ಲೇ ಇದ್ದರೂ ಹಿಂದಿರುಗುತ್ತೇವೆ ಎಂಬುದನ್ನು ಹೊರಡುವ ಮುನ್ನ ಗೈಡಿನ ಹತ್ತಿರ ಮಾತಾಡಿ ಗೊತ್ತುಮಾಡಿಕೊಳ್ಳಿ. ಮಧ್ಯಾಹ್ನ ಒಂದು ಗಂಟೆ ಎಂದರೆ ಒಂದು ಗಂಟೆ. ತುದಿ ಕಣ್ಣೆದುರಿಗೇ ಕಾಣುತ್ತಿರುವಾಗ ಈ ನಿರ್ಧಾರ ಮಾಡಲು ಕೂತರೆ ಆಸೆ ಗೆಲ್ಲುತ್ತದೆ. ಗೈಡ್ ಪಾಪ, ದುಡ್ಡು ಕೊಟ್ಟು ಬಂದವರನ್ನು ವಾಪಸು ಕರೆದೊಯ್ಯಲು ಸಂಕೋಚಪಡುತ್ತಾರೆ. ‘ಇಲ್ಲೇ ಹತ್ರ ಮಾರಾಯ್ರೆ, ಇನ್ನೊಂದು ಗುಡ್ಡ’ ಎಂದು ಅವರು ಹೇಳುವುದು ಹುರುಪು ತುಂಬಲಿಕ್ಕೆ. ಅದನ್ನು ದೂರದ ಅಳತೆ ಎಂದು ತಿಳಿಯಬೇಡಿ.

ಈಗ ಕಾಲಿನ ವಿಷಯ. ನಗರದಲ್ಲಿ ಚಾರಣಕ್ಕೆ ತಯಾರಾಗುವ ಉತ್ಸಾಹಿಗಳು ಆಫೀಸಿನ ಮೆಟ್ಟಿಲು ಹತ್ತುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ, ಲಿಫ್ಟಿನಲ್ಲಿ ಇಳಿದು ಬರುತ್ತಾರೆ. ಹೃದಯಕ್ಕೂ ಶ್ವಾಸಕೋಶಕ್ಕೂ ಇದು ಒಳ್ಳೆಯದೇ. ಆದರೆ ಬೆಟ್ಟದಲ್ಲಿ ಜನ ಸೋಲುವುದು ಹತ್ತುವಾಗ ಕಡಿಮೆ, ಇಳಿಯುವಾಗ ಹೆಚ್ಚು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ದೇಹವನ್ನು ಎತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಿದ್ದರೂ ಬಿಗಿ ಹಿಡಿದು, ಇಡೀ ಮೈಭಾರ ಧೊಪ್ಪನೆ ಕೆಳಗೆ ಬೀಳದಂತೆ ತಡೆಯಬೇಕು. ಹಿಗ್ಗುತ್ತಲೇ ಬಿಗಿಯುವ ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಸೂಕ್ಷ್ಮವಾದ ಗಾಯಗಳಾಗುತ್ತವೆ. ಉಸಿರು ಏರುವುದಿಲ್ಲವಾದ್ದರಿಂದ ಆ ಹೊತ್ತಿಗೆ ಏನೂ ತಿಳಿಯುವುದಿಲ್ಲ. ಕೊನೆಯ ಮೂರು ಕಿಲೋಮೀಟರಿನಲ್ಲಿ ತೊಡೆ ನಡುಗಲು ಶುರುವಾಗುತ್ತದೆ, ಹೆಜ್ಜೆ ಇಟ್ಟ ಕಡೆ ನಿಲ್ಲುವುದಿಲ್ಲ, ಒದ್ದೆ ಬೇರಿನ ಮೇಲೆ ಕಾಲು ಜಾರುತ್ತದೆ. ಮಾರನೆಯ ದಿನದಿಂದ ಎರಡು–ಮೂರು ದಿನ ಕುರ್ಚಿಯಲ್ಲಿ ಕೂರುವುದೂ ಏಳುವುದೂ ಒಂದು ಕಾರ್ಯಕ್ರಮವಾಗುತ್ತದೆ.

ಸಮಾಧಾನದ ಸಂಗತಿ ಎಂದರೆ ಸ್ನಾಯು ಬೇಗ ಕಲಿಯುತ್ತದೆ. ಇಳಿಯುವ ಕೆಲಸವನ್ನು ಒಮ್ಮೆ ಚೆನ್ನಾಗಿ ಮಾಡಿ ನೋವು ತಿಂದ ಕಾಲಿಗೆ ಮುಂದಿನ ಸಲ ಅಷ್ಟೇ ಕೆಲಸದಿಂದ ಆಗುವ ಹಾನಿ ತೀರಾ ಕಡಿಮೆ. ಈ ರಕ್ಷಣೆ ಕೆಲವು ವಾರ ಉಳಿಯುತ್ತದೆ ಎಂಬುದನ್ನು ವ್ಯಾಯಾಮ ವಿಜ್ಞಾನ ಚೆನ್ನಾಗಿ ತೋರಿಸಿಕೊಟ್ಟಿದೆ. ಹಾಗಾಗಿ ಲಿಫ್ಟಿನ ಕ್ರಮವನ್ನು ತಿರುಗಿಸಿ. ಬೇಕಾದರೆ ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಎರಡೂ ಮೆಟ್ಟಿಲಾದರೆ ಇನ್ನೂ ಒಳ್ಳೆಯದು. ಆರು ವಾರ ಸಮಯವಿದ್ದರೆ ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ಬಿರುಸಿನ ನಡಿಗೆ, ಎರಡು ದಿನ ಮೆಟ್ಟಿಲು. ನಾಲ್ಕನೆಯ ವಾರದಿಂದ ಚಾರಣದ ದಿನ ಹೊರುವಷ್ಟೇ ಭಾರದ ಚೀಲ ಬೆನ್ನಿಗಿರಲಿ. ಮಧ್ಯದಲ್ಲಿ ಒಂದು ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಹತ್ತಿ ಇಳಿದು, ಮತ್ತೆ ಹತ್ತಿ ಇಳಿಯಿರಿ. ಬೆಂಗಳೂರಿನವರಿಗೆ ನಂದಿಬೆಟ್ಟದ ಮೆಟ್ಟಿಲುಗಳಿವೆ, ಹಾಸನದವರಿಗೆ ಶ್ರವಣಬೆಳಗೊಳವಿದೆ. ಕೊನೆಯ ಮೂರು ದಿನ ಏನೂ ಬೇಡ. ಹಿಂದಿನ ದಿನ ‘ಸ್ವಲ್ಪ ಪ್ರಾಕ್ಟೀಸ್ ಮಾಡೋಣ’ ಎಂದು ಮೆಟ್ಟಿಲು ಇಳಿದವರು ನೋವಿರುವ ಕಾಲನ್ನೇ ಬೆಟ್ಟಕ್ಕೆ ತರುತ್ತಾರೆ.

ಇಳಿಯುವಾಗ ಹೆಜ್ಜೆ ಸಣ್ಣದಿರಲಿ, ಮಂಡಿ ತುಸು ಬಾಗಿರಲಿ. ಕೋಲು ಎರಡಿದ್ದರೆ ಮಂಡಿಯ ಭಾರ ಸ್ವಲ್ಪ ಕೈಗೆ ಹೋಗುತ್ತದೆ. ಇದಕ್ಕೆ ಕಾಡಿನ ಗಿಡ ಮುರಿಯಬೇಡಿ, ಹೋಂಸ್ಟೇಗಳಲ್ಲಿ ಬಿದಿರಿನ ಕೋಲು ಇಟ್ಟಿರುತ್ತಾರೆ, ಕೇಳಿದರೆ ಕೊಡುತ್ತಾರೆ.

ಉಸಿರಿನ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಹತ್ತುವಾಗ ಏದುಸಿರು ಬಂದ ಕೂಡಲೇ ‘ಮೇಲೆ ಆಕ್ಸಿಜನ್ ಕಮ್ಮಿ ಅಲ್ವಾ’ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಪರ್ವತದ ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರಿನ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಇಡೀ ಪಶ್ಚಿಮಘಟ್ಟದಲ್ಲಿ ಎಲ್ಲಕ್ಕಿಂತ ಎತ್ತರದ್ದು ಕೇರಳದ ಆನೈಮುಡಿ, 2,695 ಮೀಟರ್. ಬೆಂಗಳೂರಿನವರಂತೂ 900 ಮೀಟರಿನಲ್ಲೇ ಬದುಕುತ್ತಿದ್ದಾರೆ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 90ರಷ್ಟು, ಕುದುರೆಮುಖದ ತುದಿಯಲ್ಲಿ ಶೇ 80ರಷ್ಟು. ಈ ವ್ಯತ್ಯಾಸಕ್ಕೆ ತಲೆ ಸುತ್ತುವುದಿಲ್ಲ. ಏದುಸಿರಿಗೆ ಕಾರಣ ನಿಮ್ಮ ವೇಗ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಲು ಆಗುವಷ್ಟು ನಿಧಾನಕ್ಕೆ ಹತ್ತಿದರೆ ದಿನವಿಡೀ ಹತ್ತಬಹುದು. ಮಾತು ತುಂಡಾಗುತ್ತಿದೆ ಎಂದರೆ ನಿಧಾನಿಸಿ. ಓಡಿ ಕೂತು, ಓಡಿ ಕೂತು ಹತ್ತುವವರಿಗಿಂತ ಒಂದೇ ಸಮ ಹತ್ತುವ ಅಜ್ಜಿಯರು ಮೊದಲು ತಲುಪುವುದನ್ನು ತಿರುಪತಿಯ ಮೆಟ್ಟಿಲಲ್ಲಿ ಯಾರಾದರೂ ನೋಡಬಹುದು.

ಹಿಮಾಲಯದ ಮಾತು ಬೇರೆ. ಉತ್ತರಾಖಂಡದ ತುಂಗನಾಥ ಸುಮಾರು 3,680 ಮೀಟರಿನಲ್ಲಿದೆ. ಅಲ್ಲಿ ಎಷ್ಟೇ ಗಟ್ಟಿ ಕಾಲಿದ್ದರೂ ಬಯಲಿನಿಂದ ನೇರವಾಗಿ ಹೋಗಿ ಹತ್ತುವುದು ಸರಿಯಲ್ಲ, ನಡುವೆ ಎತ್ತರದ ಊರೊಂದರಲ್ಲಿ ರಾತ್ರಿ ತಂಗಿ ಮೈಯನ್ನು ಒಗ್ಗಿಸಿಕೊಳ್ಳಬೇಕು. ತಲೆನೋವು, ವಾಕರಿಕೆ ಬಂದರೆ ಮದ್ದು ಕೆಳಗಿಳಿಯುವುದೇ. ಕುದುರೆಮುಖ ಹತ್ತಿದ ಧೈರ್ಯದಲ್ಲಿ ಅಲ್ಲಿಗೆ ಹೋಗುವವರು ಇದನ್ನು ಮರೆಯಬಾರದು.

ಕಾಲಿಗಿಂತ ಹೆಚ್ಚಾಗಿ ನನ್ನನ್ನು ಕೆಣಕುವುದು ರಾತ್ರಿ ಬಸ್ಸು. ಬೆಂಗಳೂರಿನಿಂದ ಹೊರಡುವ ವಾರಾಂತ್ಯದ ಪ್ಯಾಕೇಜುಗಳ ಕ್ರಮ ನೋಡಿ: ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಟೆಂಪೊ ಟ್ರಾವೆಲರ್ ಹತ್ತುವುದು, ನಡುರಾತ್ರಿಯವರೆಗೆ ಹಾಡು, ಮೂಡಿಗೆರೆ ದಾಟಿದ ಮೇಲೆ ತಿರುವುಗಳಲ್ಲಿ ಇಬ್ಬರಿಗೆ ವಾಂತಿ, ಬೆಳಗಿನ ಜಾವ ಐದಕ್ಕೆ ಹೋಂಸ್ಟೇ ಮುಂದೆ ಇಳಿದು ಶೌಚಾಲಯಕ್ಕೆ ಸಾಲು, ಎರಡು ತುತ್ತು ತಿಂಡಿ, ಏಳಕ್ಕೆ ಬೆಟ್ಟ. ನಿದ್ದೆಗೆಟ್ಟ ಮೈಗೆ ಅದೇ ಏರು ಹೆಚ್ಚು ಕಡಿದಾಗಿ ತೋರುತ್ತದೆ, ಸಮತೋಲನ ತಪ್ಪುತ್ತದೆ, ನಿರ್ಧಾರ ಮಂಕಾಗುತ್ತದೆ. ಆರು ವಾರದ ಮೆಟ್ಟಿಲನ್ನು ಒಂದು ರಾತ್ರಿ ತಿಂದುಹಾಕುತ್ತದೆ. ಒಂದು ದಿನದ ರಜೆ ಉಳಿಸಲು ಹೀಗೆ ಮಾಡುತ್ತಾರೆ ಎಂಬುದು ಗೊತ್ತು. ಆದರೂ ನನ್ನ ಅಭಿಪ್ರಾಯ ನೇರವಾಗಿದೆ: ಇದು ಕೆಟ್ಟ ವ್ಯವಸ್ಥೆ. ಶನಿವಾರ ಹಗಲು ಪ್ರಯಾಣ ಮಾಡಿ, ಸಂಜೆ ಸಂಸೆಯಲ್ಲೋ ಕಳಸದಲ್ಲೋ ಇಳಿದುಕೊಂಡು, ಬಿಸಿ ಊಟ ಮಾಡಿ ಒಂಬತ್ತಕ್ಕೆ ಮಲಗಿ, ಭಾನುವಾರ ಹತ್ತಿ. ಸೋಮವಾರ ರಜೆ ಹಾಕಿ. ಹೇಗೂ ಆ ದಿನ ಆಫೀಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ.

ಶೂ ವಿಷಯದಲ್ಲಿ ಜನ ಹೆಚ್ಚು ದುಡ್ಡು ಸುರಿದು ಕಡಿಮೆ ಯೋಚಿಸುತ್ತಾರೆ. ಗೈಡ್ ಬೆಳಿಗ್ಗೆ ನಿಮ್ಮನ್ನು ಕಂಡಾಗ ಮುಖಕ್ಕಿಂತ ಮೊದಲು ನೋಡುವುದು ಕಾಲನ್ನು. ಅವರ ಕಾಲಲ್ಲಿ ಇರುವುದು ಸಂತೆಯಲ್ಲಿ ಕೊಂಡ ಸಾಧಾರಣ ರಬ್ಬರ್ ಶೂ, ಅಡಿಯಲ್ಲಿ ಆಳವಾದ ಹಲ್ಲು. ಜಾರದಿರುವುದಕ್ಕೆ ಬೇಕಾದದ್ದು ಆ ಹಲ್ಲು, ಬ್ರ್ಯಾಂಡ್ ಅಲ್ಲ. ಹೊಸ ಶೂವನ್ನು ಚಾರಣದ ದಿನವೇ ಹಾಕಿದರೆ ಹಿಮ್ಮಡಿಯಲ್ಲಿ ಬೊಕ್ಕೆ ಏಳುವುದು ಎಲ್ಲರಿಗೂ ಗೊತ್ತು. ಹಳೆಯ ಶೂವಿನ ಅಪಾಯ ಹೆಚ್ಚಿನವರಿಗೆ ಗೊತ್ತಿಲ್ಲ. ಹಲವು ಚಾರಣದ ಶೂಗಳ ಅಟ್ಟೆಯ ನಡುವಿನ ಮೆತ್ತನೆಯ ಪದರ ಪಾಲಿಯುರೆಥೇನಿನದು. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಗಾಳಿಯ ತೇವ ಅದರೊಳಗೆ ಸೇರಿ ವರ್ಷಗಳಲ್ಲಿ ಅದನ್ನು ಒಳಗೊಳಗೇ ಪುಡಿಮಾಡುತ್ತದೆ. ಹೊರಗಿನಿಂದ ಶೂ ಹೊಸದರಂತೆಯೇ ಇರುತ್ತದೆ. ಬೆಟ್ಟದಲ್ಲಿ ಮೊದಲ ಹಳ್ಳ ದಾಟಿ ಅರ್ಧ ಗಂಟೆಗೆ ಅಟ್ಟೆ ಇಡಿಯಾಗಿ ಕಳಚಿ ಬಾಯಿ ಬಿಡುತ್ತದೆ. ಹಾಗಾದ ಶೂವಿಗೆ ಗೈಡೊಬ್ಬರು ತಮ್ಮ ಸೊಂಟದ ಹಗ್ಗವನ್ನೇ ಬಿಚ್ಚಿ ಕಟ್ಟಿದ್ದನ್ನು ನೋಡಿದ್ದೇನೆ. ಎರಡು ಸುತ್ತು ಅಟ್ಟೆಯ ಕೆಳಗೆ, ಒಂದು ಸುತ್ತು ಹಿಮ್ಮಡಿಯ ಹಿಂದೆ, ಗಂಟು ಮೇಲೆ, ಬೆರಳಿನ ಕಡೆ ಬರದಂತೆ. ಆ ಶೂವಿನ ಮಹಾರಾಯರು ಹಾಗೇ ಕೆಳಗಿಳಿದರು. ನಾಲ್ಕೈದು ವರ್ಷ ಅಟ್ಟದ ಮೇಲಿದ್ದ ಶೂ ಇದ್ದರೆ ಹೊರಡುವ ಒಂದು ವಾರ ಮೊದಲೇ ಹಾಕಿಕೊಂಡು ಬಾಗಿಸಿ, ಒದ್ದೆ ರಸ್ತೆಯಲ್ಲಿ ಎರಡು ಗಂಟೆ ನಡೆದು ನೋಡಿ. ಕಾಲಿನ ಉಗುರು ಕತ್ತರಿಸಿಕೊಳ್ಳಿ. ಇಳಿಯುವಾಗ ಬೆರಳು ಶೂವಿನ ಮುಂಭಾಗಕ್ಕೆ ಸಾವಿರ ಸಲ ಗುದ್ದುತ್ತದೆ.

ಬಟ್ಟೆಯಲ್ಲಿ ಜೀನ್ಸ್ ಬೇಡವೇ ಬೇಡ. ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಒಣಗುವುದಿಲ್ಲ, ಮೈಯ ಶಾಖವನ್ನು ಎಳೆಯುತ್ತದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮುಳ್ಳೋಡಿಯಲ್ಲಿ 20 ಡಿಗ್ರಿ ಇದ್ದಾಗ ತುದಿಯಲ್ಲಿ 14ರ ಸುಮಾರು. ಇದೇನು ಚಳಿ ಎನ್ನಬೇಡಿ. ಒದ್ದೆ ಅಂಗಿ, ಮರವಿಲ್ಲದ ಬೋಳು ದಿಣ್ಣೆ, ಮೇಲೆ ಬೀಸುಗಾಳಿ, ಜೊತೆಗೆ ಸುಸ್ತು. ಇಷ್ಟು ಸೇರಿದರೆ 14 ಡಿಗ್ರಿಯಲ್ಲೂ ಮೈಶಾಖ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಡುಗುತ್ತಿದ್ದವರು ಮಾತು ತೊದಲಲು ಶುರುಮಾಡಿದರೆ, ಸುಮ್ಮನೆ ಕೂತುಬಿಟ್ಟರೆ ಅದು ಸೋಮಾರಿತನವಲ್ಲ. ಒದ್ದೆ ಬಟ್ಟೆ ತೆಗೆದು ಒಣಗಿದ್ದನ್ನು ಹಾಕಿಸಿ, ಸಿಹಿಯಾದದ್ದೇನಾದರೂ ಕೊಟ್ಟು, ಗಾಳಿಗೆ ಮರೆಮಾಡಿ ಕೆಳಗಿಳಿಸಬೇಕು. ಆದ್ದರಿಂದ ಬೇಗ ಒಣಗುವ ಪ್ಯಾಂಟು, ತುಂಬು ತೋಳಿನ ಅಂಗಿ, ಮತ್ತು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟ ಒಂದು ಜೊತೆ ಒಣ ಬಟ್ಟೆ. ಆ ಗಂಟನ್ನು ಫೋಟೊಗಾಗಿ ಬಿಚ್ಚಬೇಡಿ.

ಮಳೆಗಾಲದಲ್ಲಿ ಹೋಗುವವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಉಂಬಳಕ್ಕೆ. ನಾಲ್ಕು ಗಂಟೆ ಅದರದ್ದೇ ಮಾತು. ಉಂಬಳ ಕಚ್ಚಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ವಸ್ತುವನ್ನು ಗಾಯದೊಳಗೆ ಬಿಡುತ್ತದೆ, ಹಾಗಾಗಿ ಅದು ಬಿದ್ದುಹೋದ ಮೇಲೂ ರಕ್ತ ಜಿನುಗುತ್ತ ಕಾಲುಚೀಲ ಕೆಂಪಾಗುತ್ತದೆ. ನೋಡಲು ಭಯಂಕರ, ಅಪಾಯ ಅಷ್ಟಕ್ಕಷ್ಟೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ನಿಂತಲ್ಲಿ ನಿಲ್ಲದೆ ನಡೆಯಿರಿ. ಹಿಡಿದದ್ದನ್ನು ಉಗುರಿನಿಂದ ಒಂದು ಬದಿಗೆ ಸರಿಸಿ ಬಿಡಿಸಿ. ಮಲೆನಾಡಿನವರು ಹೊಗೆಸೊಪ್ಪು, ಸುಣ್ಣ ಹಚ್ಚುತ್ತಾರೆ. ಉಪ್ಪಿನ ಪೊಟ್ಟಣವೂ ಆದೀತು.

ಹೆದರಬೇಕಾದ್ದು ಉಣುಗಿಗೆ. ಅದು ಕಣ್ಣಿಗೇ ಸರಿಯಾಗಿ ಬೀಳುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಚಿಕ್ಕಮಗಳೂರು ಜಿಲ್ಲೆಯಲ್ಲೂ ಅದರ ಪ್ರಕರಣಗಳು ಕಂಡುಬರುತ್ತವೆ, ಅದರ ಕಾಲ ಸುಮಾರು ಡಿಸೆಂಬರಿನಿಂದ ಮೇವರೆಗೆ. ಅಂದರೆ ಉಂಬಳ ಇಲ್ಲವೆಂದು ನೀವು ನಿರಾಳವಾಗಿ ಹುಲ್ಲಿನ ಮೇಲೆ ಒರಗುವ ಕಾಲ. ಡೀಟ್ ಇರುವ ಮುಲಾಮು ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಇಳಿದು ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಆಮೇಲಿನ ಒಂದು ವಾರದಲ್ಲಿ ಒಮ್ಮೆಲೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಕಾಡಿಗೆ ಹೋಗಿದ್ದೆ’ ಎಂದು ಮೊದಲು ಹೇಳಿ. ಬೆಂಗಳೂರಿನ ಡಾಕ್ಟರು ತಾವಾಗಿ ಆ ಪ್ರಶ್ನೆ ಕೇಳುತ್ತಾರೆಂದು ಕಾಯಬೇಡಿ.

ನೀರು, ಊಟ ಬೇಗ ಮುಗಿಸುತ್ತೇನೆ. ಗಂಟೆಗೆ ಅರ್ಧ ಲೀಟರ್ ಎಂಬುದು ಸಾಧಾರಣ ಅಂದಾಜು. ಎರಡು ಲೀಟರ್ ಹೊರಿ, ದಾರಿಯ ಹಳ್ಳಗಳಲ್ಲಿ ಎಲ್ಲಿ ತುಂಬಿಕೊಳ್ಳಬಹುದೆಂದು ಗೈಡನ್ನು ಕೇಳಿ. ಒಂದು ಬಾಟಲಿಗೆ ಓಆರ್‌ಎಸ್ ಬೆರೆಸಿ, ಅಥವಾ ನಿಂಬೆ–ಉಪ್ಪು–ಸಕ್ಕರೆ. ಬೆವರು ಸುರಿಸುತ್ತ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೂ ತೊಂದರೆಯೇ. ಚಪಾತಿ–ಪಲ್ಯ, ಚಿತ್ರಾನ್ನ, ಬೆಲ್ಲದ ಚಿಕ್ಕಿ, ಖರ್ಜೂರ, ಕಿತ್ತಳೆ ಸಾಕು. ಮಧ್ಯಾಹ್ನ ಹೊಟ್ಟೆ ಬಿರಿಯೆ ಉಣ್ಣುವ ಬದಲು ಗಂಟೆಗೊಮ್ಮೆ ಎರಡು ತುತ್ತು ತಿನ್ನಿ. ಸಿಪ್ಪೆ, ಕವರು ಎಲ್ಲ ನಿಮ್ಮ ಚೀಲದಲ್ಲೇ ವಾಪಸು ಬರಬೇಕು. ಕಿತ್ತಳೆ ಸಿಪ್ಪೆ ಗೊಬ್ಬರವಾಗುತ್ತದೆ ಎಂಬ ವಾದವನ್ನು ನಿಮ್ಮ ತೋಟಕ್ಕೆ ಇಟ್ಟುಕೊಳ್ಳಿ. ನೋವಿನ ಮಾತ್ರೆಯನ್ನು ಮುಂಜಾಗ್ರತೆಗೆಂದು ಹತ್ತುವ ಮೊದಲೇ ನುಂಗುವ ಚಾಳಿ ಈಚೆಗೆ ಹೆಚ್ಚುತ್ತಿದೆ. ಮೈಯಲ್ಲಿ ನೀರು ಕಡಿಮೆಯಾದಾಗ ಐಬುಪ್ರೊಫೆನ್, ಡೈಕ್ಲೊಫೆನಾಕಿನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಅದರ ಬದಲು ಒಂದು ಹೆಡ್‌ಟಾರ್ಚು ತನ್ನಿ. ಮೊಬೈಲ್ ದೀಪ ಹಿಡಿದು ಕೋಲೂರಿ ಇಳಿಯಲು ಮೂರನೆಯ ಕೈ ಬೇಕಾಗುತ್ತದೆ.

ಕಾಯಿಲೆಯನ್ನು ಮುಚ್ಚಿಡುವುದು ನಮ್ಮವರ ದೊಡ್ಡ ದೌರ್ಬಲ್ಯ. ಸಕ್ಕರೆ ಕಾಯಿಲೆ, ಬಿ.ಪಿ., ಆಸ್ತಮಾ, ಫಿಟ್ಸ್, ಜೇನುನೊಣ ಕಚ್ಚಿದರೆ ಆಗುವ ಅಲರ್ಜಿ, ಇಂಥದ್ದನ್ನೆಲ್ಲ ಫಾರಂನಲ್ಲಿ ‘ಇಲ್ಲ’ ಎಂದು ಬರೆದು ಬೆಟ್ಟದ ನಡುವೆ ಬಾಯಿಬಿಡುತ್ತಾರೆ. ಹೇಳಿದರೆ ಕಳಿಸುವುದಿಲ್ಲ ಎಂಬ ಭಯ. ಸಾಮಾನ್ಯವಾಗಿ ಕಳಿಸುತ್ತಾರೆ, ಜೊತೆಗೆ ನಿಮ್ಮ ಮಾತ್ರೆ ಯಾವ ಜೇಬಿನಲ್ಲಿದೆ ಎಂದು ಗೈಡಿಗೆ ಗೊತ್ತಿರುತ್ತದೆ. ಹತ್ತುವಾಗ ಎದೆ ಬಿಗಿಯುವ ಅನುಭವ ಊರಿನಲ್ಲೇ ಆಗುತ್ತಿದ್ದರೆ ಮೊದಲು ಡಾಕ್ಟರನ್ನು ಕಾಣಿ. ಮೇಲೆ ಮೊಬೈಲ್ ಸಿಗ್ನಲ್ಲಿನ ಭರವಸೆ ಇಲ್ಲ, ಆಂಬುಲೆನ್ಸ್ ಬರುವುದಿಲ್ಲ. ಕಾಲು ಮುರಿದವರು ಕೆಳಗೆ ಬರುವುದು ಮನುಷ್ಯರ ಹೆಗಲ ಮೇಲೆ. ನಾಲ್ಕು ಜನ ಹೊರಬೇಕು, ಬದಲಿಗೆ ಇನ್ನು ನಾಲ್ಕು ಜನ ಜೊತೆಗಿರಬೇಕು, ಆ ಎಂಟು ಜನ ಮುಳ್ಳೋಡಿಯ ಮನೆಗಳಿಂದ ಕೆಲಸ ಬಿಟ್ಟು ಬರಬೇಕು.

ಬುಕಿಂಗ್ ವಿಷಯಕ್ಕೆ ಬಂದರೆ, 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಮಂದಿ ನುಗ್ಗಿದ ದೃಶ್ಯ ನೀವೂ ನೋಡಿರುತ್ತೀರಿ. ಆ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಈಗ ‘ಅರಣ್ಯ ವಿಹಾರ’ ತಾಣದಲ್ಲಿ ಹೆಸರು ನೋಂದಾಯಿಸಬೇಕು, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯೂ ಇದೆ. ವಾರಾಂತ್ಯದ ಜಾಗ ಬೇಗ ಮುಗಿಯುತ್ತದೆ. ಬುಕ್ ಮಾಡಿದಾಗ ಕೊಟ್ಟ ಗುರುತಿನ ಚೀಟಿಯನ್ನೇ ಜೊತೆಗೆ ಒಯ್ಯಿರಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುತ್ತಾರೆ, ಭಾರೀ ಮಳೆಯ ಮುನ್ಸೂಚನೆ ಇದ್ದರೆ ಹಿಂದಿನ ದಿನವೇ ನಿಲ್ಲಿಸುವುದುಂಟು. ‘ಅಷ್ಟು ದೂರದಿಂದ ಬಂದಿದ್ದೀವಿ’ ಎಂದು ಗೇಟಿನಲ್ಲಿರುವ ಗಾರ್ಡ್ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

ಈ ಮಿತಿ ಬಗ್ಗೆ ಗೊಣಗುವವರಿಗೆ ಒಂದು ಮಾತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ. ಸಿಂಗಳೀಕಗಳ ನೆಲೆಯೆಂದು ಗುರುತಾಗಿ 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಪಕ್ಕದಲ್ಲೇ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ನಿಂತಿತು. ಮೇಲಿನ ಹುಲ್ಲುಗಾವಲು ಮರ ಕಡಿದು ಆದ ಬಯಲಲ್ಲ, ಅದರ ಸಹಜ ರೂಪವೇ ಅದು. ಹುಲ್ಲಿನ ಬೇರು ಹಿಡಿದಿಟ್ಟ ಮಣ್ಣು ಮಳೆನೀರು ಕುಡಿದು ಕಣಿವೆಯ ಶೋಲಾ ಕಾಡಿಗೆ ನಿಧಾನವಾಗಿ ಬಿಡುತ್ತದೆ. ತಿರುವು ತಪ್ಪಿಸಿ ನೇರ ಇಳಿಯುವ ಅಡ್ಡದಾರಿಯಲ್ಲಿ ಒಂದು ಮಳೆಗಾಲಕ್ಕೆ ನೂರಾರು ಜನ ನಡೆದರೆ ಮುಂದಿನ ಮಳೆಗೆ ಅದು ಕೊರಕಲು. ಗೈಡ್ ಹೋದ ದಾರಿಯಲ್ಲೇ, ಅವರ ಹಿಂದೆಯೇ ಹೋಗಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಗೈಡ್ ಹಿಂದೆ ಎಂದೆ. ಗುಂಪಿನಲ್ಲಿ ಚುರುಕಿನವರು ಅವರನ್ನು ದಾಟಿ ಮುಂದೆ ಓಡುತ್ತಾರೆ, ನಿಧಾನದವರು ಒಂದು ಕಿಲೋಮೀಟರ್ ಹಿಂದೆ ಉಳಿಯುತ್ತಾರೆ, ಗೈಡ್ ನಡುವೆ ಸಿಕ್ಕಿ ಎರಡೂ ಕಡೆ ಕೂಗುತ್ತಾರೆ. ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಟ್ಟು ಅವರ ವೇಗಕ್ಕೆ ಉಳಿದವರು ನಡೆಯುವುದು ಸರಿಯಾದ ಕ್ರಮ. ಗುಂಪಿನ ಹಿಂದೆ ಅನುಭವವಿರುವ ಒಬ್ಬರು ಇರಲಿ. ಇದನ್ನು ಜೀಪು ಇಳಿದ ಕೂಡಲೇ ನೀವೇ ಹೇಳಿದರೆ ಗೈಡಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಕೊನೆಗೊಂದು ಕೋರಿಕೆ. ಹೋಂಸ್ಟೇಯಲ್ಲಿ ಬುತ್ತಿ ಕಟ್ಟಿಸುವಾಗ ಗೈಡಿಗೂ ಒಂದು ಪೊಟ್ಟಣ ಕಟ್ಟಿಸಿ. ಅವರು ಬೆಳಗಾಗುವ ಮೊದಲೇ ಮನೆ ಬಿಟ್ಟಿರುತ್ತಾರೆ, ಮಧ್ಯಾಹ್ನ ನೀವೆಲ್ಲ ಉಣ್ಣುವಾಗ ‘ನನ್ನದು ಆಗಿದೆ’ ಎಂದು ಆ ಕಡೆ ತಿರುಗಿ ಕೂರುತ್ತಾರೆ. ಸಾಮಾನ್ಯವಾಗಿ ಆಗಿರುವುದಿಲ್ಲ.